ಇಬ್ಬರಲ್ಲೊಬ್ಬರು ಅಥವಾ ಉಳಿದವರು

ಕಂತು ಜಮೆಯಾದ ಮರುದಿನ, ಸಾಸವಡದ ನಮ್ಮ ಶಾಖೆಯ ಶಟರು ಏಳುವ ಮೊದಲೇ
ಚಪ್ಪಲಿಗಳು ಬಂದು ಸಾಲು ನಿಂತಿರುತ್ತವೆ.
ಚಪ್ಪಲಿಯವರು ಬೇವಿನ ನೆರಳಲ್ಲಿ ಕೂತು
ತಂಬಾಕು ತಿಕ್ಕುತ್ತಿರುತ್ತಾರೆ.

ಇಲ್ಲಿ ಕಂತಿಗೆ ಹಪ್ತಾ ಅಂತಾರೆ.
ಮೊದಲ ಸಲ ಕೇಳಿ ನಕ್ಕುಬಿಟ್ಟಿದ್ದೆ.
ಅಥಣಿ ಕಡೆ ಹಪ್ತಾ ಅಂದರೆ
ರೌಡಿಗಳು ವಸೂಲಿ ಮಾಡೋದು,
ಸರಕಾರ ಕೊಡೋದಲ್ಲ.

ಪಾಸ್‌ಬುಕ್ ಯಂತ್ರಕ್ಕೆ ಇವತ್ತು ಒಂದೇ ಸಾಲು ಬಾಯಿಪಾಠ.
ಕರ್ರ್, ಎರಡು ಸಾವಿರ. ಕರ್ರ್, ಎರಡು ಸಾವಿರ.
ಮೂವತ್ತು ಗುಂಟೆ ಸೀತಾಫಲದ ಹೌಸಾಬಾಯಿಗೂ ಅಷ್ಟೇ,
ನಾಲ್ಕು ಎಕರೆ ಅಂಜೂರ, ಮೇಲೊಂದು ಪೆಟ್ರೋಲ್ ಪಂಪಿರುವ
ಕಾಮಠೆ ಸಾಹೇಬರಿಗೂ ಅಷ್ಟೇ.
ಪುಣೆಯ ಏಳನೇ ಮಹಡಿಯಿಂದ ಕಾರಲ್ಲಿಳಿದು ಬಂದಾಕೆ
ಕಪ್ಪು ಕನ್ನಡಕ ತಲೆಗೇರಿಸಿ ಕೇಳುತ್ತಾಳೆ,
ಇದು ಯಾವ ಬೆಳೆಗೆ ಬಂದದ್ದು?
ನನಗೇನು ಗೊತ್ತು ತಾಯಿ,
ಹೊಲ ನಿಮ್ಮದು.

ಗೇನಬಾ ಝೇಂಡೆ ಮಾತ್ರ ಸಾಲಿಗೆ ನಿಲ್ಲುವುದಿಲ್ಲ.
ಸೋನೋರಿಯಲ್ಲಿ ಗೇನಬಾ ಝೇಂಡೆ ಇಬ್ಬರು,
ಒಬ್ಬನೇ ಮುತ್ತಜ್ಜನ ಹೆಸರು ಹಂಚಿಕೊಂಡ ದಾಯಾದಿಗಳು.
ಒಬ್ಬ ಹೋದ ಮಾಘದಲ್ಲಿ
ಅಂಜೂರದ ಬುಡಕ್ಕೆ ಗೊಬ್ಬರ ಎಳೆಯುತ್ತ ಅಲ್ಲೇ ಒರಗಿದ.
ಕಚೇರಿಯಲ್ಲಿ ಯಾರೋ, ಊಟದ ಹೊತ್ತಿರಬೇಕು,
ಇನ್ನೊಬ್ಬನ ಹೆಸರಿನ ಮುಂದೆ ಮಯತ ಅಂತ ಒತ್ತಿದರು.
ಅಂದಿನಿಂದ ಸತ್ತವನಿಗೆ ಹಪ್ತಾ ತಪ್ಪದೆ ಬರುತ್ತದೆ.
ಬದುಕಿದವನು ಕಾಗದ ಕೂಡಿಸುತ್ತಾನೆ:
ಆಧಾರ್, ಸಾತ್‌ಬಾರಾ, ಸರಪಂಚರ ದಾಖಲೆ,
ಅವತ್ತಿನ ಪೇಪರು ಎದೆಗೆ ಹಿಡಿದು ನಿಂತ ಫೋಟೋ.
ಬಾಯಿ, ನಾನಿದ್ದೀನಿ ಅಂತ
ನಿಮ್ಮ ಕಂಪ್ಯೂಟರಿಗೆ ಒಂದು ಮಾತು ಹೇಳಿ.
ಅದಕ್ಕೆ ಗುಂಡಿ ಇಲ್ಲ ನನ್ನ ಕೀಬೋರ್ಡಿನಲ್ಲಿ.

ಸತ್ತವನದು ಜಂಟಿ ಖಾತೆ.
ನಮ್ಮ ಫಾರ್ಮುಗಳಲ್ಲಿ ಅದಕ್ಕೊಂದು ಮಾತಿದೆ:
ಇಬ್ಬರಲ್ಲೊಬ್ಬರು ಅಥವಾ ಉಳಿದವರು.
ದಿನಕ್ಕೆ ಹತ್ತು ಸಲ ಮುದ್ರೆ ಒತ್ತುತ್ತೇನೆ,
ಓದಿರಲಿಲ್ಲ.

ಹನ್ನೊಂದೂವರೆಗೆ ಉಳಿದವಳು ಬಂದಳು, ತಾನ್ಹೂಬಾಯಿ.
ಹೆಬ್ಬೆಟ್ಟು ಯಂತ್ರದ ಮೇಲೆ. ಸವೆದ ಗೆರೆ, ಮೂರನೇ ಸಲಕ್ಕೆ ಒಪ್ಪಿತು.
ನಾನು ಕೇಳಬೇಕು. ನಿಯಮ ಹಾಗಿದೆ:
ಕೇಳಬೇಕು, ಖಾತೆ ತಡೆಯಬೇಕು, ಮೇಲೆ ಬರೆಯಬೇಕು.
ಅವಳು ಏನನ್ನೂ ಮುಚ್ಚಿರಲಿಲ್ಲ.
ಕುಂಕುಮ ಹೋದ ಹಣೆಯಲ್ಲಿ ಹಸಿರು ಹಚ್ಚೆಯ ಚುಕ್ಕೆ ಹಾಗೇ ಇತ್ತು.
ನಾನು ಪರದೆ ನೋಡಿದೆ.
ಐನೂರರ ನಾಲ್ಕು ನೋಟು.

ಕಿಟಕಿಯಾಚೆ ಅಂಜೂರದ ಬುಟ್ಟಿಗಳ ಪಕ್ಕ
ಗೇನಬಾ ಎದ್ದು ನಿಂತ.
ಎರಡು ನೋಟು ಅವನ ಕೈಗೆ.
ಅವನು ಒಂದನ್ನು ವಾಪಸು ಚಾಚಿದ.
ಏನೋ ಜಗಳ. ಗಾಜು ದಪ್ಪ, ಕೇಳಿಸಲಿಲ್ಲ.
ಅವಳ ಬಾಯಿ ಜೋರಾಗಿ ಆಡಿತು, ಅವನ ಟೋಪಿ ತಗ್ಗಿತು,
ಎರಡೂ ನೋಟು ಕಾಗದಗಳ ಚೀಲಕ್ಕೆ ಹೋದವು,
ಅವನ ಆ ಫೋಟೋದ ಜೊತೆಗೆ.

ತಿಂಗಳ ಕೊನೆಗೆ ಆಡಿಟ್.
ಖಾತೆದಾರರ ಸ್ಥಿತಿ? ಅನ್ನುವ ಚೌಕದಲ್ಲಿ
ಕರ್ಸರ್ ಮಿಟುಕುತ್ತಿದೆ. ನಾನಿನ್ನೂ ಏನೂ ತುಂಬಿಲ್ಲ.
ಕಂಬದ ಹಿಂದಿನಿಂದ ಯಾರದೋ ಪಾಸ್‌ಬುಕ್ ತೂರಿ ಬರುತ್ತದೆ,
ಪುಟಗಳ ನಡುವೆ ಒಣಗಿದ ಎಲೆ, ಸ್ವಲ್ಪ ಮಣ್ಣು.
ಕೊಡವಿ ಯಂತ್ರಕ್ಕಿಡುತ್ತೇನೆ.
ಕರ್ರ್.