ನೂರ ಅರವತ್ತರಲ್ಲಿ

ನಾಲ್ಕು ಎದೆ. ಒಂದೊಂದೂ ಹದಿನಾಲ್ಕು ಪೌಂಡು.
ನಾಳೆಯ ಮದುವೆಗೆ ಎಂಬತ್ತು ಬಾಯಿ.
ಉಪ್ಪು, ಕರಿಮೆಣಸು, ಮತ್ತೇನಿಲ್ಲ;
ನಮ್ಮಪ್ಪ ಹಾಕುತ್ತಿದ್ದದ್ದು ಅಷ್ಟೇ,
ಅವರಪ್ಪ ಮೆಣಸನ್ನೂ ಹಾಕುತ್ತಿರಲಿಲ್ಲವಂತೆ.

ಹಳೇ ಗ್ಯಾಸ್ ಟ್ಯಾಂಕು ಸೀಳಿ ನಾನೇ ಬೆಸೆದ ಒಲೆ.
ವರ್ಷವಿಡೀ ಒಣಗಿದ ಓಕ್ ಸೌದೆ.
ಹಸಿಯದಾದರೆ ಬಿಳಿ ಹೊಗೆ ಕಾರಿ ಮಾಂಸ ಕಹಿ.
ಒಳ್ಳೆ ಹೊಗೆ ಕಣ್ಣಿಗೇ ಬೀಳುವುದಿಲ್ಲ,
ಕೊಳವೆಯ ಬಾಯಲ್ಲಿ ಗಾಳಿ ತುಸು ನಡುಗುತ್ತದೆ.

ಸಂಜೆ ಆರಕ್ಕೆ ಇಟ್ಟೆ.
ಹನ್ನೆರಡಕ್ಕೆ ನೂರ ಅರವತ್ತು. ಅಲ್ಲಿಗೆ ನಿಂತಿತು.
ಒಂದಕ್ಕೂ ನೂರ ಅರವತ್ತು. ಎರಡಕ್ಕೂ.
ನಲವತ್ತು ವರ್ಷ ಕಂಡಿದ್ದೇನೆ, ಆದರೂ
ಆ ಮುಳ್ಳು ನಿಂತರೆ ನನಗೆ ಕೂತಲ್ಲಿ ಕೂರಲಾಗದು.
ಬೆಂಕಿಯೇನೋ ಉರಿಯುತ್ತಿದೆ. ಮಾಂಸ ಬೆವರುತ್ತಿದೆ.
ಕೊಟ್ಟ ಕಾವೆಲ್ಲ
ಆ ಬೆವರು ಆರಿಸುವುದಕ್ಕೇ ಸರಿಹೋಗುತ್ತಿದೆ.

ಎರಡೂವರೆಗೆ ಡೆನೀಸ್ ಬಂದಳು,
ಅಮ್ಮನ ನಿಲುವಂಗಿ, ಕಾಲಿಗೆ ನನ್ನ ರಬ್ಬರ್ ಬೂಟು,
ನಾಳೆಗೆಂದು ಕೂದಲ ತುಂಬ ಸುರುಳಿ.
ಮಡಿಸುವ ಕುರ್ಚಿ ಎಳೆದುಕೊಂಡಳು.
"ಆಗಲಿಲ್ವಾ ಇನ್ನೂ?"
"ನಿಂತುಬಿಟ್ಟಿದೆ."
"ಎಷ್ಟು ಹೊತ್ತು?"
"ಅದಕ್ಕೆ ಬೇಕಾದಷ್ಟು."
ಮೋಲ್ಟನ್ ರಸ್ತೆಯಲ್ಲಿ ಒಂದು ಲಾರಿ ಹೋಯಿತು.
ಬೆಂಕಿಯಿಂದ ಕಣ್ಣು ತೆಗೆಯದೆ,
"ಅಪ್ಪಾ, ನಂಗೆ ಗ್ಯಾರೆಟ್ ಬೇಡ" ಅಂದಳು.

ಹೇಳಬೇಕಾದ್ದು ಬೇಕಾದಷ್ಟಿತ್ತು:
ಹಾಲ್‌ಗೆ ಕಟ್ಟಿದ ದುಡ್ಡು, ಪಾದ್ರಿ,
ಅವಳಮ್ಮ ಮೂರು ದಿನ ಕೂತು ಸುಟ್ಟ ಕೊಲಾಚಿ,
ಒಕ್ಲಹೋಮಾದಿಂದ ಹೊರಟಾಗಿರುವ ಅವನ ಅಜ್ಜಿ.
ಮುಚ್ಚಳದ ಹಿಡಿಗೆ ಅವಳ ಕೈ ಹೋಯಿತು,
ಸುಮ್ಮನೆ, ಏನನ್ನಾದರೂ ಹಿಡಿಯಬೇಕಲ್ಲ.
"ತೆಗೀಬೇಡ. ತೆಗೆದರೆ ಇನ್ನೊಂದು ಗಂಟೆ."
ನನ್ನ ಬಾಯಿಂದ ಹೊರಟದ್ದು ಇಷ್ಟೇ.
ನಕ್ಕಳು. ನಗುನಗುತ್ತಲೇ ಅತ್ತಳು.
ನಾನೊಂದು ಕೊರಡು ಒಳಗೆ ತಳ್ಳಿದೆ.

ನಾಲ್ಕಕ್ಕೆ ನೂರ ಅರವತ್ತೆರಡು.
"ಹೊರಟಿತು" ಅಂದಳು, ನನಗಿಂತ ಮೊದಲು.

ಕಾಗದ ಸುತ್ತಿ, ಮತ್ತೆ ಇಟ್ಟು,
ಕಡ್ಡಿ ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯುವ ಹೊತ್ತಿಗೆ
ಬೆಳಕು ಹರಿದಿತ್ತು.
ಐಸಿಲ್ಲದ ಐಸ್ ಪೆಟ್ಟಿಗೆಯಲ್ಲಿ ಟವೆಲ್ ಹೊದಿಸಿ ಮಲಗಿಸಿದೆವು.
ಆಮೇಲೆ ಒಳಗೆ ಹೋಗಿ ಲಿಲ್ಲಿಯನ್‌ಳನ್ನು ಎಬ್ಬಿಸಿದೆ.
ಆ ಬೆಳಗಿನ ಮಾತು ಇಲ್ಲಿ ಬೇಡ.

ಒಂದನ್ನು ಮಧ್ಯಾಹ್ನ ಬಂದವರು ತಿಂದರು,
ಪಾದ್ರಿ ಎರಡು ಸಲ ಬಡಿಸಿಕೊಂಡರು.
ಇನ್ನೊಂದನ್ನು ಗ್ಯಾರೆಟ್‌ನ ಅಜ್ಜಿ ಕೇಳಿಯೇ ಒಯ್ದಳು,
"ನನಗೂ ನಿಮಗೂ ಏನು ಜಗಳ?"
ಮಿಕ್ಕ ಎರಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಲಿಲ್ಲ; ಒಣಗುತ್ತದೆ.
ದಪ್ಪ ತುಂಡು ಮಾಡಿ, ಇಳಿದ ರಸ ಒಂದೊಂದು ಸೌಟು ಸುರಿದು,
ಚೀಲದ ಗಾಳಿ ಹೀರಿಸಿ,
ಗ್ಯಾರೇಜಿನ ಫ್ರೀಜರಿನಲ್ಲಿ ಜಿಂಕೆ ಸಾಸೇಜಿನ ಕೆಳಗೆ.
ಅಂಟುಪಟ್ಟಿಯ ಮೇಲೆ ತಾರೀಖು ಬರೆದೆ.
ಆಮಂತ್ರಣದಲ್ಲಿ ಅಚ್ಚಾದ ತಾರೀಖೇ.

ಡಿಸೆಂಬರಿನಲ್ಲಿ ಡೆನೀಸ್ ಬಂದಾಗ
ಹಿಂದಿನ ರಾತ್ರಿಯೇ ಒಂದು ಚೀಲ ಕೆಳಗಿಳಿಸಿದ್ದೆ.
ಅವಳು ಮೈಕ್ರೋವೇವ್ ಬಾಗಿಲು ತೆಗೆದಳು.
"ಅದರಲ್ಲಿ ಬೇಡ, ಚಪ್ಪಲಿಯಾಗುತ್ತೆ."
ದೊಡ್ಡ ಪಾತ್ರೆ, ನೀರು, ಕುದಿ ಬರಕೂಡದು,
ಚೀಲ ಬಿಚ್ಚದೆ ಹಾಗೇ ಇಳಿಸು.
"ಎಷ್ಟಕ್ಕೆ?" ಅಂದಳು.
"ನೂರ ಅರವತ್ತು."
ಇಬ್ಬರೂ ಪಾತ್ರೆ ನೋಡುತ್ತ ನಿಂತೆವು.
ಅಂಟುಪಟ್ಟಿ ಬಿಟ್ಟುಕೊಂಡು ತೇಲಿತು;
ಫೋರ್ಕಿನಿಂದೆತ್ತಿ ಸಿಂಕಿನ ಅಂಚಿಗೆ ಹಚ್ಚಿದಳು.

ಚೀಲ ಕತ್ತರಿಸಿದಾಗ ಅಡುಗೆಮನೆ ತುಂಬ
ಜೂನಿನ ಹೊಗೆ.
ಎಳೆಗೆ ಅಡ್ಡವಾಗಿ ಹೆಚ್ಚಿದೆ.
ಆಲ್ಫೋನ್ಸನ ಮಗ ಬೆರಳು ನೆಕ್ಕುತ್ತ ಕೇಳಿದ,
"ಇದು ಯಾವತ್ತಿಂದು?"
"ನನ್ನ ಮದುವೇದು" ಅಂದಳು ಡೆನೀಸ್,
ಸೌತೆ ಉಪ್ಪಿನಕಾಯಿಗೆ ಕೈ ಚಾಚಿ,
"ಅಡುಗೆ ಚೆನ್ನಾಗಿತ್ತು."