ಮೊದಲ ಬೇಡ

ಶಿಡ್ಲಘಟ್ಟದಲ್ಲಿ ಮೊದಲ ಬೇಡ ಬೇಡವಲ್ಲ.
ಹೊಸಿಲಾಚೆ ಚಪ್ಪಲಿ ಬಿಟ್ಟ ಹಾಗೆ ಅದು, ಬರೀ ಮರ್ಯಾದೆ.
ಎರಡನೆಯದಕ್ಕೆ ಲೋಟದ ಮೇಲೆ ಅಂಗೈ ಮುಚ್ಚಬೇಕು,
ಮೂರನೆಯದಕ್ಕೆ ‘ಅಯ್ಯೋ, ಅರ್ಧ ಸಾಕು’ ಅನ್ನಬೇಕು,
ಆಗ ತುಂಬ ಬರುತ್ತದೆ.

ಈ ಲೆಕ್ಕ ಸೆರಗಿಗೆ ಗಂಟು ಹಾಕಿಕೊಂಡೇ
ಐವತ್ತೊಂದನೆಯ ವಯಸ್ಸಿಗೆ ವಿಮಾನ ಹತ್ತಿದ್ದು ನಾನು,
ರೀಲರ್‌ಗಳ ಸಂಘದ ಲೆಕ್ಕದಲ್ಲಿ, ಮಗ್ಗದ ಯಂತ್ರ ನೋಡಿಬರಲು,
ಬೆಲ್ಜಿಯಂನ ಕೋರ್ಟ್ರೈಕ್ ಎಂಬ ಊರಿಗೆ, ಹದಿನಾರು ದಿನ.
ಪೆಟ್ಟಿಗೆಯಲ್ಲಿ ಹುರಿಗಾಳು, ಚಟ್ನಿಪುಡಿ, ಎರವಲು ಸ್ವೆಟರು,
ಕೊಡಲಿಕ್ಕೆಂದು ನಮ್ಮದೇ ಬಾಣಲಿಯಲ್ಲಿ ಬಿಚ್ಚಿದ
ರೇಷ್ಮೆಯ ಒಂದು ಲಡಿ.

ಉಳಿದದ್ದು ಲೀವಳ ಮನೆಯಲ್ಲಿ.
ಬಾಗಿಲಲ್ಲೇ ಕೆನ್ನೆಗೆ ಕೆನ್ನೆ ತಂದಳು;
ಯಾವ ಕಡೆ ತಿರುಗಬೇಕೋ ತಿಳಿಯದೆ
ಅವಳ ಕನ್ನಡಕಕ್ಕೆ ಮೂಗು ಕುಟ್ಟಿದೆ.
ಲಡಿ ಕೊಟ್ಟರೆ ನನ್ನೆದುರಿಗೇ ಕಾಗದ ಹರಿದು ನೋಡುವುದೇ!
ನಾವಾದರೆ ಬೀರುವಿನ ಮೇಲಿಟ್ಟು,
ಬಂದವರು ಬಸ್ಸು ಹತ್ತಿದ ಮೇಲೆ.
ಆಮೇಲೆ ತಟ್ಟೆ ತೋರಿಸಿ ಊಟ? ಅಂದಳು.
ನಗುತ್ತ ಕೈಯಾಡಿಸಿದೆ, ಬೇಡ.
ಸರಿ, ಅಂದು ಎತ್ತಿಟ್ಟಳು.

ಅಷ್ಟೇ.
ಕಾದೆ.
ಆ ರಾತ್ರಿ ಹೊದಿಕೆಯೊಳಗೆ ಹುರಿಗಾಳು,
ಒಂದೊಂದೇ, ಸದ್ದಾಗದಂತೆ, ಇಲಿಯ ಹಾಗೆ.

ನಾಲ್ಕನೆಯ ದಿನಕ್ಕೆ ಹೌದು ಅನ್ನಲು ಕಲಿತೆ.
ಸಂಜೆಗೆ ತಣ್ಣನೆ ಬ್ರೆಡ್ಡು, ಚೀಸು; ಒಲೆ ದಿನಕ್ಕೊಂದೇ ಸಲ.
ಕಾಫಿಗೆ ಒಂದು ಬಿಸ್ಕತ್ತು. ಒಂದು ಅಂದರೆ ಒಂದು.
ನಾಲ್ಕಕ್ಕೆ ಬನ್ನಿ ಅಂದ ನೆಂಟರ ಮನೆಗೆ ಹತ್ತು ನಿಮಿಷ ಮೊದಲೇ ತಲುಪಿ
ಬೀದಿ ಮೂಲೆಯ ಚಳಿಯಲ್ಲಿ ಇಬ್ಬರೂ ನಿಂತೆವು,
ಗಡಿಯಾರ ಒಪ್ಪುವ ತನಕ.

ಹೂವಿನ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ.
ಅಂಗಡಿಯ ಮುಂದೆ ಸೇವಂತಿಗೆ, ಕುಂಡದ ಮೇಲೆ ಕುಂಡ,
ಚಿಕ್ಕಬಳ್ಳಾಪುರದ ಹೂವಿನ ಮಂಡಿಯೇ
ದಾರಿ ತಪ್ಪಿ ಇಲ್ಲಿಗೆ ಬಂದು ಇಳಿದಂತೆ.
ಕರುಳು ಚುರ್ ಅಂತು. ಎರಡು ಕುಂಡ ಅವಚಿಕೊಂಡು ಬಂದು
ಊಟದ ಮೇಜಿನ ನಡುವೆ ಇಟ್ಟೆ.
ಅವಳ ಗಂಡ ವಿಮ್ ಚಮಚ ಕೆಳಗಿಟ್ಟ.
ಲೀವ ಎಷ್ಟೋ ಹೊತ್ತಿಗೆ, ಮೆಲ್ಲಗೆ:
ನಮ್ಮಲ್ಲಿ ಇದು ಗೋರಿಗೆ.

ಭೂಮಿ ಬಾಯಿ ಬಿಡಬಾರದೇ.
ಎತ್ತಿಕೊಂಡು ಹೋಗಲು ಬಗ್ಗಿದರೆ ಕೈ ಹಿಡಿದಳು.
ನವೆಂಬರ್ ಒಂದನೆಯ ತಾರೀಖು, ತುಂತುರಿನಲ್ಲಿ,
ಒಂದು ಕುಂಡ ಅವಳು, ಒಂದು ನಾನು,
ಅವಳ ಅಮ್ಮನ ಬಳಿಗೆ ನಡೆದೆವು.
ಅಗಸೆಯ ಕಂತೆ ಹೊಳೆಯಲ್ಲಿ ಕೊಳೆಹಾಕಿ ನಾರು ತೆಗೆಯುತ್ತಿದ್ದ ಮನೆತನವಂತೆ;
ಹೊಳೆ ನಾರುತ್ತಿತ್ತಂತೆ, ದಾರಿಹೋಕರು ಮೂಗು ಮುಚ್ಚುತ್ತಿದ್ದರಂತೆ.
ನನಗೆ ನಗು ಬಂತು, ಸ್ಮಶಾನದಲ್ಲಿ.
ನಮ್ಮ ಬೀದಿಗೆ ಬಂದು ನೋಡು, ಹುಳು ಬೆಂದ ವಾಸನೆ,
ಅಂದು ಬೆರಳು ಚಾಚಿದೆ:
ಮೂವತ್ತು ವರ್ಷ ಬಿಸಿನೀರಲ್ಲಿ ಗೂಡು ತಡಕಿ ಗೆರೆ ಅಳಿಸಿದ ತುದಿಗಳು,
ವೀಸಾ ಕಚೇರಿಯ ಯಂತ್ರ
ಐದು ಸಲ ಒತ್ತಿಸಿಕೊಂಡು ಗುರುತಿಸದೆ ಹೋದವು.
ಲೀವ ಒಂದೊಂದನ್ನೂ ಮುಟ್ಟಿ ನೋಡಿದಳು. ಮಾತಾಡಲಿಲ್ಲ.

ಬಂದ ವಾರಕ್ಕೆ ನಾದಿನಿ ಪಿಳ್ಳಮ್ಮ,
ಗೂಡಿನ ಮಾರ್ಕೆಟ್ಟಿನಿಂದ ನೇರ, ಬಿಸಿಲಲ್ಲಿ ಬೆಂದು.
ಕಾಫಿ ಕುಡೀತೀಯಾ? ಬೇಡ ಬಿಡಕ್ಕ.
ಸರಿ, ಅಂದುಬಿಟ್ಟೆ.
ಆ ಮುಖ!
‘ಫಾರಿನ್ನಿಗೆ ಹೋಗಿ ಬಂದ್ಳು, ಡಿಕಾಕ್ಷನ್ನಿಗೂ ಬೀಗ ಹಾಕಿದ್ಳು’
ಅಂತ ಇವತ್ತಿಗೂ ಆಡಿಕೊಂಡು ತಿರುಗುತ್ತಾಳೆ.

ಫೆಬ್ರವರಿಗೆ ಲೀವ ಬರುತ್ತಾಳೆ ಇಲ್ಲಿಗೆ.
ಬಾಗಿಲಿಗೆ ಸೇವಂತಿಗೆ ಮಾಲೆ ಕಟ್ಟಿಸಲಾ,
ಎರಡೆಳೆ, ದಪ್ಪದ್ದು? ಕೇಳಿದ ನನ್ನ ಯಜಮಾನ.
ಬೇಡ ಅಂದೆ.
ಎರಡನೆಯ ಸಲ ಕೇಳಲಿ ಎಂದು ಕಾಯುತ್ತಿದ್ದೇನೆ.