ಬಿತ್ತನೆಗೆ ಬಿಟ್ಟ ಹುಳ

ಕುರಿಯ ಕೆಳರೆಪ್ಪೆ ಎಳೆದರೆ
ಒಳಗೊಂದು ಬಣ್ಣ.
ದಾಳಿಂಬೆ ಬೀಜದ ಕೆಂಪಾದರೆ ಬಿಡು, ಹೋಗಲಿ.
ತೊಳೆದ ಅಕ್ಕಿಯ ಬಿಳುಪಾದರೆ ಹಿಡಿ.
ನಡುವಿನದಕ್ಕೆ ನಮ್ಮಲ್ಲಿ ಹೆಸರಿಲ್ಲ,
ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮಾವ ಈರಕ್ಯಾತಪ್ಪ ಹೀಗೆ ನೋಡಿದವನಲ್ಲ.
ವರ್ಷಕ್ಕೆ ನಾಲ್ಕು ಸಲ ರೊಪ್ಪದ ಬಾಗಿಲಲ್ಲಿ ನಿಂತು
ಬಂದ ಬಂದ ಬಾಯಿಗೆಲ್ಲ ಒಂದೇ ಗುಟುಕು,
ಟಗರಿಗೂ ಅಷ್ಟೇ, ಮರಿಗೂ ಅಷ್ಟೇ.
ಬಾಟಲಿ ತಳ ಕಂಡರೆ ಒಂದಿಷ್ಟು ನೀರು.
ನಡೆದಿತ್ತು ಕೂಡ, ಎಷ್ಟೋ ವರ್ಷ.

ಹೋದ ಮಳೆಗಾಲ ನಡೆಯಲಿಲ್ಲ.
ಔಷಧಿ ಕುಡಿದ ವಾರಕ್ಕೆ
ಬೋಳಿಯ ಗದ್ದದಡಿ ನೀರು ಚೀಲ ಕಟ್ಟಿತು.
ಮತ್ತೆ ಕುಡಿಸಿದೆವು. ಡಬ್ಬಿಯ ಹೆಸರು ಬೇರೆ,
ಒಳಗಿದ್ದದ್ದು ಅದೇ ಎಂದು ಆಮೇಲೆ ಗೊತ್ತಾಯಿತು.
ಜಾಲಿ ಸಾಲಿನ ಕೆಳಗೆ ಒಂಬತ್ತು ಗುಂಡಿ.

ಶಿರಾದ ಡಾಕ್ಟರಮ್ಮ ಹಿಕ್ಕೆ ತರಿಸಿಕೊಂಡರು,
ಔಷಧಿಗೆ ಮುಂಚಿನದೊಂದು ಪೊಟ್ಟಣ,
ಹದಿನಾಲ್ಕು ದಿನ ಕಳೆದು ಇನ್ನೊಂದು.
ಗಾಜಿನಡಿ ಮೊಟ್ಟೆ ಎಣಿಸಿದರು: ಹೆಚ್ಚುಕಮ್ಮಿ ಅಷ್ಟಕ್ಕಷ್ಟೇ.
ಸಾಯುವ ಹುಳವೆಲ್ಲ ಸತ್ತು ಮುಗಿದಿತ್ತು,
ಉಳಿದದ್ದು ನಮ್ಮ ಗುಟುಕಿನಲ್ಲೇ ಈಜು ಕಲಿತದ್ದು.

ಈಗ ಬೇವಿನ ಕೊಂಬೆಗೆ ತೂಕದ ಕೊಕ್ಕೆ.
ಔಷಧಿಯ ಜಾತಿಯೇ ಬೇರೆ, ಅಳತೆ ತೂಕ ನೋಡಿ.
ಸಂತೆಯಿಂದ ತಂದದ್ದು ಹದಿನೈದು ದಿನ ಬೇರೆ ಗೂಟಕ್ಕೆ.
ಇದಕ್ಕೆಲ್ಲ ಮಾವ ತಲೆಯಾಡಿಸಿದ.
ಇಬ್ಬನಿ ಆರದೆ ಕೆರೆಯಂಗಳಕ್ಕೆ ಬಿಡಬೇಡ
ಅಂತ ನನಗೆ ಕಲಿಸಿದವನೇ ಅವನು,
ಹುಳದ ಮರಿ ಒದ್ದೆ ಹುಲ್ಲಿನ ತುದಿಗೆ ಹತ್ತುತ್ತದೆಂದು
ಅವನಿಗೆ ಯಾರೂ ಹೇಳದೆಯೇ.

ಆದರೆ ಅರವತ್ತೆರಡರಲ್ಲಿ ಹನ್ನೆರಡಕ್ಕೆ ಕುಡಿಸಿ
ಮಿಕ್ಕವನ್ನು ಹುಳದ ಸಮೇತ ಮೇಯಲು ಬಿಟ್ಟಾಗ
ಕೋಲು ನೆಲಕ್ಕೆ ಕುಟ್ಟಿದ:
"ಹುಳಕ್ಕೂ ಬಿತ್ನೆ ಬಿಡ್ತೀಯೇನಮ್ಮಿ?"

ಹೂಂ ಮಾವ, ಬಿತ್ತನೆಗೇ.
ಸಾಯುವುದು ಇನ್ನೂ ಮರೆಯದ ಹುಳ
ಹುಲ್ಲಿನ ಮೇಲೆ ಒಂದಿಷ್ಟು ಉಳಿಯಬೇಕು,
ಕಲಿತದ್ದರ ಜೊತೆ ಕೂಡಿ
ಆ ಕಲಿಕೆಯನ್ನು ಕೆಡಿಸಲಿಕ್ಕೆ.

ಕಣದಲ್ಲಿ ದಪ್ಪ ತೆನೆ ಆರಿಸಿ ಎತ್ತಿಡುತ್ತಿದ್ದ ಕೈ ಅವನದು.
ಸುಮ್ಮನೆ ಅದನ್ನೇ ನೋಡಿಕೊಂಡ.

ಇವತ್ತು ಕಡೆಯ ಕುರಿ ದಾಟಿದ ಮೇಲೆ
ಅದೇ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು
ತನ್ನ ರೆಪ್ಪೆ ತಾನೇ ಎಳೆದು ನಕ್ಕ:
"ನಂದ್ಯಾವ ಬಣ್ಣ?"

ಬೆಳಕಿಗೆ ಮುಖ ತಿರುಗಿಸಿದೆ.
ಹೆಸರಿಲ್ಲದ ಅದೇ ಬಣ್ಣ.
ಶಿರಾಕ್ಕೆ ಮಧ್ಯಾಹ್ನದ ಬಸ್ಸು ಎಷ್ಟು ಹೊತ್ತಿಗೆ
ಎಂದು ಕೇಳಿದೆ.